ಕುಣಿಯಬಲ್ಲವರು ನೆಲ ಹುಡುಕಿದ ಕಥೆ

1979ರ ಜುಲೈ 12, ಗುರುವಾರ. ಅಮೆರಿಕದ ಷಿಕಾಗೊ ನಗರದ ಕಾಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಅಂದು ಒಂದರ ಹಿಂದೊಂದು ಎರಡು ಬೇಸ್‌ಬಾಲ್ ಪಂದ್ಯಗಳಿದ್ದವು. ಟಿಕೆಟ್ ಬೆಲೆ ಕೇವಲ 98 ಸೆಂಟ್. ಷರತ್ತು ಒಂದೇ: ಬರುವವರು ಡಿಸ್ಕೊ ಸಂಗೀತದ ಗ್ರಾಮಫೋನ್ ತಟ್ಟೆಯೊಂದನ್ನು ತಂದು ಬಾಗಿಲಲ್ಲಿ ಒಪ್ಪಿಸಬೇಕು. ಹಾಗೆ ಕೂಡಿದ ತಟ್ಟೆಗಳನ್ನು ಮೈದಾನದ ನಡುವೆ ಸಿಡಿಮದ್ದಿಟ್ಟು ಉಡಾಯಿಸುವುದಾಗಿ ಸ್ಥಳೀಯ ರಾಕ್ ಸಂಗೀತದ ರೇಡಿಯೊ ನಿರೂಪಕ ಸ್ಟೀವ್ ಡಾಲ್ ಮೊದಲೇ ಸಾರಿದ್ದರು.

ಸುಮಾರು 50 ಸಾವಿರ ಜನ ಒಳಗೆ ತುಂಬಿದರು. ಸಾವಿರಾರು ಮಂದಿ ಹೊರಗೆ ಉಳಿದರು. ಮೊದಲ ಪಂದ್ಯ ಮುಗಿದೊಡನೆ ಸೈನಿಕರ ದಿರಿಸು, ತಲೆಗೆ ಉಕ್ಕಿನ ಟೋಪಿ ಹಾಕಿಕೊಂಡ ಡಾಲ್ ಜೀಪಿನಲ್ಲಿ ಬಂದಿಳಿದರು. ತಟ್ಟೆಗಳ ಪೆಟ್ಟಿಗೆ ಸಿಡಿಯಿತು. ಮರುಕ್ಷಣ ಸಾವಿರಾರು ಯುವಕರು ಮೈದಾನಕ್ಕೆ ನುಗ್ಗಿದರು. ಹುಲ್ಲು ಕಿತ್ತರು, ಬೆಂಕಿ ಹಚ್ಚಿದರು. ಪೊಲೀಸರು ಬಂದು ಅವರನ್ನು ಚದುರಿಸಿದರೂ ಎರಡನೆಯ ಪಂದ್ಯ ನಡೆಯಲೇ ಇಲ್ಲ. ಷಿಕಾಗೊ ತಂಡ ಅದನ್ನು ಆಡದೆಯೇ ಸೋತಂತಾಯಿತು.

ಅಂದು ಆ ಕ್ರೀಡಾಂಗಣದಲ್ಲಿ ವಿನ್ಸ್ ಲಾರೆನ್ಸ್ ಎಂಬ ಹದಿಹರೆಯದ ಕಪ್ಪುವರ್ಣೀಯ ಹುಡುಗ ಪ್ರೇಕ್ಷಕರಿಗೆ ಜಾಗ ತೋರಿಸುವ ಕೆಲಸದಲ್ಲಿದ್ದ. ಒಂದು ಸಿಂಥಸೈಜರ್ ವಾದ್ಯ ಕೊಳ್ಳಬೇಕೆಂದು ಆತ ಕೂಲಿ ಹಣ ಕೂಡಿಡುತ್ತಿದ್ದ. ಜನ ತರುತ್ತಿದ್ದ ತಟ್ಟೆಗಳಲ್ಲಿ ಡಿಸ್ಕೊ ಅಲ್ಲದವೂ ಬಹಳ ಇದ್ದವು, ಅವೆಲ್ಲ ಕಪ್ಪುವರ್ಣೀಯ ಗಾಯಕರವು ಎಂಬುದನ್ನು ಅವನು ಗಮನಿಸಿದ. ಈ ಮಾತನ್ನು ಅವನು ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾನೆ. ತಮ್ಮ ಕಾರ್ಯಕ್ರಮದಲ್ಲಿ ಜನಾಂಗದ್ವೇಷ ಇರಲಿಲ್ಲ, ಅದು ರಾಕ್ ಪ್ರಿಯ ಹುಡುಗರ ತಮಾಷೆಯಷ್ಟೇ ಎಂಬುದು ಡಾಲ್ ಅವರ ವಾದ. ತಮಾಷೆಯೇ ಇರಲಿ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಾಡು ಹಿಡಿಸದಿದ್ದರೆ ರೇಡಿಯೊ ಆರಿಸಬಹುದಲ್ಲ, ಸಿಡಿಮದ್ದು ಏಕೆ ಬೇಕಾಯಿತು?

ಉತ್ತರಕ್ಕೆ ಹಾಡನ್ನು ಬಿಟ್ಟು ಹಾಡಿಗೆ ಕುಣಿಯುತ್ತಿದ್ದವರನ್ನು ನೋಡಬೇಕು. ಕುಣಿಯಲಾರದವರಿಗೆ ನೆಲ ಡೊಂಕು ಎಂಬ ಗಾದೆ ನಮ್ಮಲ್ಲಿದೆ. ಇದು ಅದರ ತಿರುಗುಮುರುಗು. ಇಲ್ಲಿ ಕುಣಿಯಬಲ್ಲವರಿದ್ದರು. ಅವರಿಗೆ ಇಲ್ಲದಿದ್ದುದು ನೆಲ.

ಪರವಾನಗಿ ಇಲ್ಲದ ಹೆಜ್ಜೆ

ಕುಣಿತಕ್ಕೆ ಸರ್ಕಾರ ಅಂಕೆ ಹಾಕುವುದು ಡಿಸ್ಕೊ ಕಾಲಕ್ಕೆ ಹೊಸದಾಗಿರಲಿಲ್ಲ. ನ್ಯೂಯಾರ್ಕ್ ನಗರಸಭೆ 1926ರಲ್ಲಿಯೇ ‘ಕ್ಯಾಬರೆ ಕಾನೂನು’ ತಂದಿತ್ತು. ಊಟ, ಪಾನೀಯ ಮಾರುವ ಸ್ಥಳದಲ್ಲಿ ಜನ ಕುಣಿಯಬೇಕಾದರೆ ಮಾಲೀಕರು ವಿಶೇಷ ಪರವಾನಗಿ ಪಡೆಯಬೇಕಿತ್ತು. ಬಿಳಿಯರೂ ಕಪ್ಪುವರ್ಣೀಯರೂ ಒಂದೇ ನೆಲದ ಮೇಲೆ ಬೆರೆಯುತ್ತಿದ್ದ ಹಾರ್ಲೆಮ್‌ನ ಜಾಜ್ ಕ್ಲಬ್ಬುಗಳ ಮೇಲೆ ಈ ಕಾನೂನು ಬಲವಾಗಿ ಎರಗಿತು. 1940ರಿಂದ 1967ರವರೆಗೆ ಅಂಥ ಕ್ಲಬ್ಬುಗಳಲ್ಲಿ ಹಾಡುವವರೂ ನುಡಿಸುವವರೂ ಪೊಲೀಸರ ಗುರುತುಚೀಟಿ ಹೊಂದಿರಬೇಕಿತ್ತು. ಗಾಯಕಿ ಬಿಲ್ಲಿ ಹಾಲಿಡೆ, ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಅಂಥ ದಿಗ್ಗಜರೇ ಆ ಚೀಟಿ ಕಳೆದುಕೊಂಡು ವರ್ಷಗಟ್ಟಲೆ ನಗರದ ಕ್ಲಬ್ಬುಗಳಿಂದ ಹೊರಗುಳಿದರು. ಈ ಕ್ಯಾಬರೆ ಕಾನೂನು ರದ್ದಾದದ್ದು 2017ರಲ್ಲಿ, 91 ವರ್ಷಗಳ ಮೇಲೆ.

ಸಲಿಂಗಿಗಳ ಪಾಡು ಇನ್ನೂ ಕಷ್ಟದ್ದು. 1960ರ ದಶಕದ ನ್ಯೂಯಾರ್ಕಿನಲ್ಲಿ ಪುರುಷರಿಬ್ಬರು ಜೊತೆಯಾಗಿ ಕುಣಿಯುವುದೇ ಬಂಧನಕ್ಕೆ ಕಾರಣವಾಗಬಹುದಿತ್ತು. ಇಂಥವರು ಸೇರುವ ಬಾರುಗಳ ಮೇಲೆ ಪೊಲೀಸ್ ದಾಳಿ ಮಾಮೂಲಾಗಿತ್ತು. 1969ರ ಜೂನ್ 28ರ ನಸುಕಿನಲ್ಲಿ ಸ್ಟೋನ್‌ವಾಲ್ ಎಂಬ ಬಾರಿನ ಮೇಲೆ ದಾಳಿಯಾದಾಗ ಮಾತ್ರ ಗ್ರಾಹಕರು ತಿರುಗಿಬಿದ್ದರು. ಅಮೆರಿಕದ ಸಲಿಂಗಿಗಳ ಹಕ್ಕಿನ ಚಳವಳಿಗೆ ಹೊಸ ಬಲ ಬಂದದ್ದು ಆ ರಾತ್ರಿಯಿಂದ. ಸ್ಟೋನ್‌ವಾಲ್‌ನಲ್ಲಿ ಕುಣಿಯಲು ಜಾಗವಿತ್ತು, ಅದಕ್ಕೆಂದೇ ಜನ ಅಲ್ಲಿಗೆ ಬರುತ್ತಿದ್ದರು ಎಂಬುದನ್ನು ಇತಿಹಾಸದ ಪುಸ್ತಕಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ.

ಎಂಟು ತಿಂಗಳೊಳಗೆ, 1970ರ ಫೆಬ್ರುವರಿ 14ರಂದು, ಡೇವಿಡ್ ಮಂಕೂಸೊ ಎಂಬಾತ ಅದೇ ನಗರದ ಬ್ರಾಡ್‌ವೇ ರಸ್ತೆಯ ತನ್ನ ಅಟ್ಟದ ಮನೆಯಲ್ಲಿ ಒಂದು ಕೂಟ ನಡೆಸಿದ. ಅಲ್ಲಿ ಮದ್ಯ ಮಾರಾಟವಿಲ್ಲ. ಆಹ್ವಾನ ಇದ್ದವರಿಗಷ್ಟೇ ಪ್ರವೇಶ. ಸಾರ್ವಜನಿಕ ಸ್ಥಳವಲ್ಲದ್ದರಿಂದ ಪರವಾನಗಿಯ ಗೊಡವೆಯೂ ಇಲ್ಲ. ‘ಲಾಫ್ಟ್’ ಎಂದು ಹೆಸರಾದ ಈ ಕೂಟಗಳಲ್ಲಿ ಬಿಳಿಯರು, ಕಪ್ಪುವರ್ಣೀಯರು, ಲ್ಯಾಟಿನ್ ಮೂಲದವರು, ಸಲಿಂಗಿಗಳು ಎಲ್ಲರೂ ಒಟ್ಟಿಗೆ ಕುಣಿದರು. ಡಿಸ್ಕೊ ಬೇರು ಬಿಟ್ಟದ್ದು ಇಂಥ ಕಡೆ.

ಜೋಡಿ ಬೇಡದ ಕುಣಿತ

ಡಿಸ್ಕೊದ ಲಯ ಸರಳ. ಪ್ರತಿ ಮಾತ್ರೆಗೂ ಒಂದೇ ತೂಕದ ಪೆಟ್ಟು, ನಿಮಿಷಕ್ಕೆ 120ರ ಆಸುಪಾಸು. ತಾಳ ತಪ್ಪುವ ಭಯವಿಲ್ಲ. ಅದಕ್ಕಿಂತ ಮುಖ್ಯವಾಗಿ, ಜೋಡಿ ಬೇಕೇ ಬೇಕೆಂಬ ಕಟ್ಟುಪಾಡಿಲ್ಲ. ಹಳೆಯ ಬಾಲ್‌ರೂಮ್ ನೃತ್ಯದಲ್ಲಿ ಗಂಡು ಕೈಹಿಡಿದು ನಡೆಸಬೇಕು, ಹೆಣ್ಣು ಅನುಸರಿಸಬೇಕು. ಕ್ಲಬ್ಬಿನ ನೆಲದ ಮೇಲೆ ಒಬ್ಬಂಟಿಯಾಗಿಯೂ ಕುಣಿಯಬಹುದು, ನೂರು ಜನರ ನಡುವೆಯೂ ಕುಣಿಯಬಹುದು. ಯಾರು ಯಾರ ಜೊತೆ ಕುಣಿಯುತ್ತಿದ್ದಾರೆ ಎಂದು ಬೆರಳಿಟ್ಟು ತೋರಿಸುವುದೇ ಕಷ್ಟ. ಜೋಡಿಗಳ ಮೇಲೆ ಕಣ್ಣಿಟ್ಟ ಸಮಾಜದಲ್ಲಿ ಇದೇ ಒಂದು ಬಿಡುಗಡೆ.

ಡಿಸ್ಕೊವನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದವರಲ್ಲಿ ನಮ್ಮ ಕೊಡಗಿನ ಮೂಲದ ಒಬ್ಬರಿದ್ದಾರೆ. ಬೆಂಗಳೂರಿನಲ್ಲಿ ಬೆಳೆದ ಬಿದ್ದು ಅಪ್ಪಯ್ಯ 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದರು. ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಹಾಡನ್ನು ನಿರ್ಮಿಸಿದವರು ಅವರೇ. 1974ರಲ್ಲಿ ಅದು ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. 1980ರ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಮತ್ತು 1981ರ ‘ಡಿಸ್ಕೊ ದೀವಾನೆ’ ಮೂಲಕ ಭಾರತ ಉಪಖಂಡಕ್ಕೆ ಈ ಅಲೆಯನ್ನು ತಂದವರೂ ಅವರೇ.

1977ರಲ್ಲಿ ‘ಸಾಟರ್ಡೆ ನೈಟ್ ಫೀವರ್’ ಚಿತ್ರ ತೆರೆಕಂಡ ಮೇಲೆ ಡಿಸ್ಕೊ ದೊಡ್ಡ ವ್ಯಾಪಾರವಾಯಿತು. ಅದರ ಮುಖವಾಗಿ ಕಾಣಿಸಿಕೊಂಡವರು ಬಿಳಿ ಸೂಟಿನ ಜಾನ್ ಟ್ರವೊಲ್ಟಾ. ಬೇರುಗಳು ಮರೆಗೆ ಸರಿದವು. ಅದೇ ವರ್ಷ ತೆರೆದ ನ್ಯೂಯಾರ್ಕಿನ ‘ಸ್ಟುಡಿಯೊ 54’ ಕ್ಲಬ್ಬಿನ ಬಾಗಿಲಲ್ಲಿ ಹಗ್ಗ ಕಟ್ಟಿ, ಚೆಲುವರನ್ನೂ ಖ್ಯಾತರನ್ನೂ ಮಾತ್ರ ಆರಿಸಿ ಒಳಬಿಡುತ್ತಿದ್ದರು. ಹೊರಗಿಟ್ಟವರು ಕಟ್ಟಿಕೊಂಡ ನೆಲಕ್ಕೆ ಈಗ ಹೊರಗಿಡುವ ಹಗ್ಗವೇ ಬಂತು. ಷಿಕಾಗೊದ ಸಿಟ್ಟಿನಲ್ಲಿ ಈ ಝಗಮಗದ ಮೇಲಿನ ಅಸಹನೆಯೂ ಸ್ವಲ್ಪ ಸೇರಿತ್ತು. ಆದರೆ ಏಟು ಬಿದ್ದದ್ದು ಹಗ್ಗ ಕಟ್ಟಿದವರಿಗಲ್ಲ. ಕ್ರೀಡಾಂಗಣದ ಘಟನೆಯ ನಂತರ ರೇಡಿಯೊ ಕೇಂದ್ರಗಳೂ ಧ್ವನಿಮುದ್ರಣ ಕಂಪೆನಿಗಳೂ ಡಿಸ್ಕೊದಿಂದ ದೂರ ಸರಿದವು. ಗ್ರ್ಯಾಮಿ ಪ್ರಶಸ್ತಿಯಲ್ಲಿ ಡಿಸ್ಕೊಗೆಂದು ಪ್ರತ್ಯೇಕ ವಿಭಾಗವೊಂದು ಇದ್ದದ್ದು 1980ರ ಒಂದೇ ವರ್ಷ.

ಗೋದಾಮಿನಲ್ಲಿ ಹುಟ್ಟಿದ ಹೆಸರು

ಡಿಸ್ಕೊವನ್ನು ಉಡಾಯಿಸಿದ ನಗರದಲ್ಲಿಯೇ ಅದು ಇನ್ನೊಂದು ರೂಪದಲ್ಲಿ ಚಿಗುರಿತು. ಷಿಕಾಗೊದ ಸೌತ್ ಜೆಫರ್ಸನ್ ರಸ್ತೆಯಲ್ಲಿ 1977ರಲ್ಲಿ ‘ವೇರ್‌ಹೌಸ್’, ಅಂದರೆ ಗೋದಾಮು ಎಂಬ ಹೆಸರಿನ ಕ್ಲಬ್ ತೆರೆದಿತ್ತು. ತಟ್ಟೆಗಳನ್ನು ಆರಿಸಿ ನುಡಿಸಲು ನ್ಯೂಯಾರ್ಕಿನಿಂದ ಬಂದ ಡಿ.ಜೆ. ಫ್ರಾಂಕಿ ನಕಲ್ಸ್‌ಗೆ ಆಗ 22ರ ಪ್ರಾಯ. ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪುವರ್ಣೀಯ ಮತ್ತು ಲ್ಯಾಟಿನ್ ಮೂಲದ ಸಲಿಂಗಿ ಯುವಕರು. ಅಲ್ಲಿ ಮದ್ಯವಿಲ್ಲ, ಹಣ್ಣಿನ ರಸ. ಶನಿವಾರ ರಾತ್ರಿ ಶುರುವಾದ ಕುಣಿತ ಭಾನುವಾರ ಹಗಲಾದರೂ ಮುಗಿಯುತ್ತಿರಲಿಲ್ಲ.

ಹೊಸ ಡಿಸ್ಕೊ ತಟ್ಟೆಗಳು ಬರುವುದು ಕಡಿಮೆಯಾದಾಗ ನಕಲ್ಸ್ ಹಳೆಯ ಹಾಡುಗಳನ್ನೇ ಕತ್ತರಿಸಿ ಜೋಡಿಸಿದರು, ಲಯದ ಭಾಗವನ್ನು ಹಿಗ್ಗಿಸಿದರು, ಮುಂದೆ ತಾಳಯಂತ್ರದ ಪೆಟ್ಟನ್ನೂ ಸೇರಿಸಿದರು. ಆ ಗೋದಾಮಿನಲ್ಲಿ ನುಡಿಸುವ ಬಗೆಯ ಸಂಗೀತ ಬೇಕೆಂದು ಜನ ಅಂಗಡಿಗಳಲ್ಲಿ ಕೇಳತೊಡಗಿದರು. ವೇರ್‌ಹೌಸ್ ಎಂಬ ಹೆಸರು ತುಂಡಾಗಿ ‘ಹೌಸ್’ ಉಳಿಯಿತು. ಕ್ರೀಡಾಂಗಣದಲ್ಲಿ ಹಣ ಕೂಡಿಡುತ್ತಿದ್ದ ವಿನ್ಸ್ ಲಾರೆನ್ಸ್ ಕೊನೆಗೂ ಸಿಂಥಸೈಜರ್ ಕೊಂಡ. ಜೆಸ್ಸಿ ಸಾಂಡರ್ಸ್ ಎಂಬ ಡಿ.ಜೆ. ಜೊತೆ ಸೇರಿ ಆತ ರಚಿಸಿದ ‘ಆನ್ ಅಂಡ್ ಆನ್’ 1984ರಲ್ಲಿ ಹೊರಬಂತು. ಮೊಟ್ಟಮೊದಲ ಹೌಸ್ ತಟ್ಟೆ ಅದೇ ಎಂದು ಅನೇಕರು ಗುರುತಿಸುತ್ತಾರೆ.

ಹೊರಗಿನ ಷಿಕಾಗೊ ಆಗ ಬಡವಾಗುತ್ತಿತ್ತು. 1980ರ ಮಾರ್ಚಿನಲ್ಲಿ ವಿಸ್ಕಾನ್ಸಿನ್ ಸ್ಟೀಲ್ ಕಾರ್ಖಾನೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿ ಸುಮಾರು 3,400 ಕಾರ್ಮಿಕರು ಬೀದಿಗೆ ಬಿದ್ದರು. ಕಾರ್ ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿಯೂ ಇದೇ ಕಥೆ. ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಕಪ್ಪುವರ್ಣೀಯ ಗೆಳೆಯರು ‘ಟೆಕ್ನೊ’ ಎಂಬ ಪ್ರಕಾರವನ್ನು ರೂಪಿಸಿದ್ದು ಅಲ್ಲಿ. ಕಾರ್ಖಾನೆಗಳು ಖಾಲಿಯಾದ ಊರುಗಳಲ್ಲಿ ಖಾಲಿ ಕಟ್ಟಡಗಳಿಗೇನು ಬರ? ಹೊಸ ಸಂಗೀತಕ್ಕೆ ಜಾಗ ಸಿಕ್ಕಿದ್ದೂ ಹಾಗೆ.

ವಾದ್ಯಗಳೂ ಬೇರೆಯವರು ಬೇಡವೆಂದು ಬಿಟ್ಟವೇ. ಜಪಾನಿನ ರೋಲೆಂಡ್ ಕಂಪೆನಿ ಗಿಟಾರ್ ವಾದಕರ ಅಭ್ಯಾಸಕ್ಕೆಂದು ತಯಾರಿಸಿದ ‘ಟಿಬಿ 303’ ಎಂಬ ಮಂದ್ರಸ್ವರದ ಯಂತ್ರ ಮಾರುಕಟ್ಟೆಯಲ್ಲಿ ಸೋತಿತು. 1984ರ ಹೊತ್ತಿಗೆ ತಯಾರಿಕೆ ನಿಂತು, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಬಿಕರಿಯಾಗುತ್ತಿತ್ತು. ಷಿಕಾಗೊದ ‘ಫ್ಯೂಚರ್’ ಎಂಬ ತಂಡದ ಹುಡುಗರು ಅದರ ಗುಂಡಿಗಳನ್ನು ಮನಬಂದಂತೆ ತಿರುಗಿಸಿ ಹೊರಡಿಸಿದ ಕೀರಲು, ಗುಡುಗುಡು ಸದ್ದು 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಎಂಬ ತಟ್ಟೆಯಾಯಿತು. ‘ಆಸಿಡ್ ಹೌಸ್’ ಎಂಬ ಪ್ರಕಾರಕ್ಕೆ ಹೆಸರು ಬಂದದ್ದು ಇದರಿಂದ. ಸೋಜಿಗವೆಂದರೆ, ಇದಕ್ಕೆ ಐದು ವರ್ಷ ಮುಂಚೆ, 1982ರಲ್ಲಿ, ಮುಂಬೈನ ಚಿತ್ರಸಂಗೀತ ವಾದಕ ಚರಣ್‌ಜಿತ್ ಸಿಂಗ್ ಇದೇ ಯಂತ್ರದ ಮೇಲೆ ಭೈರವಿ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ನುಡಿಸಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದಾಗ ಪಾಶ್ಚಾತ್ಯ ಸಂಗೀತಾಸಕ್ತರು ಬೆರಗಾದರು. ಷಿಕಾಗೊದ ಹುಡುಗರಿಗೆ ಸಿಂಗ್ ಗೊತ್ತಿರಲಿಲ್ಲ, ಸಿಂಗ್ ಅವರಿಗೆ ಷಿಕಾಗೊ ಗೊತ್ತಿರಲಿಲ್ಲ. ಮುಂಬೈಯಲ್ಲಿ ಯಂತ್ರವಿತ್ತು, ಸಂಗೀತವಿತ್ತು. ಅದಕ್ಕೆ ಕುಣಿಯಲು ಒಂದು ನೆಲ, ಆ ನೆಲವನ್ನು ತಮ್ಮದೆನ್ನುವ ಜನ ಇರಲಿಲ್ಲ. ಹೊಸ ಸದ್ದೊಂದು ಚಳವಳಿಯಾಗಲು ಅದು ಬೇಕು.

ಕಾನೂನು ಪುಸ್ತಕದಲ್ಲಿ ಲಯ

ಈ ಸಂಗೀತ ಅಟ್ಲಾಂಟಿಕ್ ಸಾಗರ ದಾಟಿ ಬ್ರಿಟನ್ ಸೇರಿದಾಗ ಅಲ್ಲಿ ಮಾರ್ಗರೆಟ್ ಥ್ಯಾಚರ್ ಆಡಳಿತ. ಗಣಿ ಕಾರ್ಮಿಕರ 1984–85ರ ಮುಷ್ಕರ ಮುರಿದುಬಿದ್ದಿತ್ತು. ಉತ್ತರದ ಮ್ಯಾಂಚೆಸ್ಟರ್‌ನಂಥ ಊರುಗಳಲ್ಲಿ ಗಿರಣಿಗಳು ಪಾಳುಬಿದ್ದಿದ್ದವು. 1988ರ ಬೇಸಿಗೆಯಲ್ಲಿ ಲಂಡನ್ ಮತ್ತು ಮ್ಯಾಂಚೆಸ್ಟರ್ ಕ್ಲಬ್ಬುಗಳಲ್ಲಿ ಆಸಿಡ್ ಹೌಸ್ ಹುಚ್ಚು ಹರಡಿತು. ಕ್ಲಬ್ಬುಗಳು ಬೇಗ ಮುಚ್ಚಬೇಕಿದ್ದುದರಿಂದ ಕುಣಿತ ಗೋದಾಮು, ಹೊಲ, ವಿಮಾನದ ಶೆಡ್ಡುಗಳಿಗೆ ಹೊರಟಿತು. ‘ರೇವ್’ ಎಂಬ ಈ ಕೂಟಗಳ ಜಾಗ ಕೊನೆಯ ಗಳಿಗೆಯವರೆಗೆ ಗುಟ್ಟು. ಒಂದು ಫೋನ್ ಸಂಖ್ಯೆಗೆ ಕರೆ ಮಾಡಿದರೆ ಧ್ವನಿಮುದ್ರಿತ ಸಂದೇಶ ದಾರಿ ಹೇಳುತ್ತಿತ್ತು. ಲಂಡನ್ ಸುತ್ತುವ ಎಂ 25 ಹೆದ್ದಾರಿಯಲ್ಲಿ ನಡುರಾತ್ರಿ ಕಾರುಗಳ ಸಾಲು ನೆರೆಯುತ್ತಿತ್ತು.

ಈ ಕೂಟಗಳಲ್ಲಿ ‘ಎಕ್ಸ್‌ಟಸಿ’ ಎಂಬ ಮಾದಕ ಗುಳಿಗೆಯೂ ಹರಿದಾಡಿತು, ಸಾವುಗಳಾದವು ಎಂಬುದನ್ನು ಮುಚ್ಚಿಡುವಂತಿಲ್ಲ. ಮ್ಯಾಂಚೆಸ್ಟರ್‌ನ ಹೆಸರಾಂತ ಹಸಿಯೆಂಡಾ ಕ್ಲಬ್ ಮಾದಕವಸ್ತು ಗುಂಪುಗಳ ಕಾಟಕ್ಕೆ ಸಿಕ್ಕಿ ನರಳಿ, 1997ರಲ್ಲಿ ಮುಚ್ಚಿತು. ಆದರೆ ಮಾದಕವಸ್ತುವಿಗೆ ಬೇರೆ ಕಾಯ್ದೆಗಳಿದ್ದವು. ಸರ್ಕಾರ ಹೊಸದಾಗಿ ಹಿಡಿಯಲು ಹೊರಟದ್ದು ಕೂಟವನ್ನೇ. ಪರವಾನಗಿ ಇಲ್ಲದ ಕೂಟ ನಡೆಸಿದರೆ 20 ಸಾವಿರ ಪೌಂಡ್ ದಂಡ, ಆರು ತಿಂಗಳ ಸಜೆ ವಿಧಿಸಬಹುದಾದ ಕಾಯ್ದೆ 1990ರಲ್ಲಿ ಬಂತು. ಅದೇ ಜುಲೈನಲ್ಲಿ ಲೀಡ್ಸ್ ಬಳಿಯ ಗಿಲ್ಡರ್ಸಮ್‌ನಲ್ಲಿ ಒಂದೇ ರಾತ್ರಿ 836 ಮಂದಿಯನ್ನು ಪೊಲೀಸರು ಬಂಧಿಸಿದರು.

1992ರ ಮೇ ಕೊನೆಯ ವಾರ ವೂಸ್ಟರ್‌ಶೈರ್‌ನ ಕ್ಯಾಸಲ್‌ಮಾರ್ಟನ್ ಎಂಬ ಗೋಮಾಳದಲ್ಲಿ 20 ಸಾವಿರಕ್ಕೂ ಹೆಚ್ಚು ಜನ ನೆರೆದು ದಿನಗಟ್ಟಲೆ ಕುಣಿದರು. ಸುತ್ತಲಿನ ಹಳ್ಳಿಯವರು ನಿದ್ದೆಗೆಟ್ಟು ಕಂಗಾಲಾದರು. ಅವರ ದೂರು ನ್ಯಾಯವಾದದ್ದೇ. ಪತ್ರಿಕೆಗಳು ಹುಯಿಲೆಬ್ಬಿಸಿದವು. ಮೊಕದ್ದಮೆ ಎದುರಿಸಿದ 13 ಮಂದಿ 1994ರಲ್ಲಿ ಖುಲಾಸೆಯಾದರು. ಆ ವೇಳೆಗೆ ಸಂಸತ್ತಿನ ಮುಂದೆ ಹೊಸ ಮಸೂದೆ ಬಂದಾಗಿತ್ತು.

ಅದೇ 1994ರ ‘ಅಪರಾಧ ನ್ಯಾಯ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ’. ಬಯಲಿನಲ್ಲಿ ನೂರು ಜನ ಅಥವಾ ಹೆಚ್ಚು ಮಂದಿ ಸೇರಿ, ಸುತ್ತಲಿನವರಿಗೆ ತೀವ್ರ ತೊಂದರೆಯಾಗುವಂತೆ ರಾತ್ರಿ ಸಂಗೀತ ನುಡಿಸಿದರೆ ಪೊಲೀಸರು ಅವರನ್ನು ಚದುರಿಸಬಹುದು ಎನ್ನುತ್ತದೆ ಇದರ 63ನೇ ಕಲಂ. ಸಂಗೀತ ಎಂದರೇನು? ಒಂದರ ಹಿಂದೊಂದು ಮರುಕಳಿಸುವ ಬಡಿತಗಳೇ ಪ್ರಧಾನವಾಗಿರುವ ಸದ್ದೂ ಇದರಲ್ಲಿ ಸೇರಿದೆ ಎಂದು ಕಾಯ್ದೆಯೇ ವಿವರಿಸಿತು. ಗದ್ದಲವನ್ನು ತಡೆಯಲು ಸದ್ದಿನ ಮಟ್ಟ ಅಳೆದರೆ ಸಾಕಿತ್ತು. ಶಾಸಕರು ತಾಳದ ಸ್ವರೂಪವನ್ನೇ ಕಾನೂನಿಗೆ ಬರೆದರು. ಯಾವ ಸಂಗೀತ, ಅಂದರೆ ಯಾವ ಜನ ಎಂಬುದು ಇದರಿಂದ ಯಾರಿಗೂ ಅನುಮಾನ ಉಳಿಯದಂತೆ ಸ್ಪಷ್ಟವಾಯಿತು.

ಇದಕ್ಕೆ ಬಂದ ಉತ್ತರಗಳಲ್ಲಿ ‘ಆಟೆಕರ್’ ಎಂಬ ಜೋಡಿಯದ್ದು ಸ್ವಾರಸ್ಯದ್ದು. ಎಲ್ಲಿಯೂ ಬಡಿತದ ಒಂದೇ ವಿನ್ಯಾಸ ಮರುಕಳಿಸದಂಥ ತುಣುಕೊಂದನ್ನು ಅವರು ರಚಿಸಿ ತಟ್ಟೆ ಮಾಡಿದರು. ಇದನ್ನು ನುಡಿಸುವಾಗ ಪೊಲೀಸರು ಬಂದರೆ ಅನುಕೂಲಕ್ಕಿರಲಿ, ಒಬ್ಬ ವಕೀಲರನ್ನೂ ಒಬ್ಬ ಸಂಗೀತಶಾಸ್ತ್ರಜ್ಞರನ್ನೂ ಜೊತೆಗಿಟ್ಟುಕೊಳ್ಳಿ ಎಂಬ ಸಲಹೆಯನ್ನು ಹೊದಿಕೆಯ ಮೇಲೆ ಅಂಟಿಸಿದರು. ಲಂಡನ್ನಿನಲ್ಲಿ ಆ ವರ್ಷ ಮೂರು ದೊಡ್ಡ ಮೆರವಣಿಗೆಗಳು ನಡೆದವು. ಆದರೂ ನವೆಂಬರಿನಲ್ಲಿ ಮಸೂದೆ ಕಾಯ್ದೆಯಾಯಿತು. 2003ರಲ್ಲಿ ನೂರು ಜನ ಎಂಬ ಮಿತಿ 20ಕ್ಕೆ ಇಳಿಯಿತು. ಬಯಲಿನ ಕುಣಿತ ಪರವಾನಗಿಯುಳ್ಳ ದೊಡ್ಡ ಕ್ಲಬ್ಬುಗಳೊಳಗೆ ಸೇರಿ ಉದ್ಯಮವಾಯಿತು. 1997ರ ಚುನಾವಣೆಗೆ ಲೇಬರ್ ಪಕ್ಷ ಪ್ರಚಾರಗೀತೆಯಾಗಿ ಆರಿಸಿಕೊಂಡದ್ದು ಒಂದು ಡ್ಯಾನ್ಸ್ ತಂಡದ ಹಾಡನ್ನೇ!

ಕುಣಿತ ರಾಜಕೀಯವೇ?

ಜರ್ಮನಿಯಲ್ಲಿ ಇದೇ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. 1989ರ ಜುಲೈನಲ್ಲಿ, ಗೋಡೆ ಬೀಳುವ ನಾಲ್ಕು ತಿಂಗಳ ಮುಂಚೆ, ಪಶ್ಚಿಮ ಬರ್ಲಿನ್ನಿನಲ್ಲಿ ಡಾಕ್ಟರ್ ಮಾಟ್ಟೆ ಎಂಬ ಡಿ.ಜೆ. ಸುಮಾರು 150 ಜನರ ‘ಲವ್ ಪರೇಡ್’ ನಡೆಸಿದ. ಅದನ್ನು ರಾಜಕೀಯ ಪ್ರದರ್ಶನವೆಂದೇ ನೋಂದಾಯಿಸಿದ್ದ. ಘೋಷಣೆ: ಶಾಂತಿ, ಸಂತೋಷ, ಮೊಟ್ಟೆದೋಸೆ. ಶಾಂತಿ ಎಂದರೆ ನಿಶ್ಶಸ್ತ್ರೀಕರಣ, ಸಂತೋಷ ಎಂದರೆ ಸಂಗೀತ, ದೋಸೆ ಎಂದರೆ ಎಲ್ಲರಿಗೂ ಆಹಾರ ಎಂದು ವಿವರಣೆ. ಗೋಡೆ ಬಿದ್ದ ಮೇಲೆ ಪೂರ್ವ ಬರ್ಲಿನ್ನಿನ ಒಡೆಯರಿಲ್ಲದ ಕಟ್ಟಡಗಳು, ನೆಲಮಾಳಿಗೆಗಳು ಕ್ಲಬ್ಬುಗಳಾದವು. 1991ರಲ್ಲಿ ತೆರೆದ ‘ಟ್ರೆಸರ್’ ಹಳೆಯ ಬಹುಮಹಡಿ ಅಂಗಡಿಯೊಂದರ ಭದ್ರಕೋಣೆಯಲ್ಲಿತ್ತು. ಎರಡು ಜರ್ಮನಿಗಳ ಯುವಕರು ಸರ್ಕಾರಿ ಸಮಾರಂಭಗಳ ಹಂಗಿಲ್ಲದೆ ಒಟ್ಟಾದದ್ದು ಡೆಟ್ರಾಯಿಟ್‌ನ ಟೆಕ್ನೊ ಲಯಕ್ಕೆ.

ಲವ್ ಪರೇಡ್ ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ಮೀರಿದ ಜನಜಾತ್ರೆಯಾಯಿತು. ಪ್ರದರ್ಶನವೆಂದು ಮಾನ್ಯವಾದರೆ ಕಸ ಗುಡಿಸುವ ಖರ್ಚು ನಗರದ್ದು. 2001ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ, ಬರಿಯ ಮೋಜು ಅಥವಾ ಜೀವನಶೈಲಿಯ ಪ್ರದರ್ಶನ ರಾಜಕೀಯ ಸಭೆಯಾಗದು ಎಂದು ಆ ಮಾನ್ಯತೆಯನ್ನು ಒಪ್ಪಲಿಲ್ಲ. ಆಗಿನ ಪರೇಡ್ ನೋಡಿದವರಿಗೆ ಈ ಮಾತು ಸರಿಯೆನಿಸಿದರೆ ಆಶ್ಚರ್ಯವಿಲ್ಲ. 2010ರಲ್ಲಿ ಡೂಯಿಸ್‌ಬರ್ಗ್‌ನಲ್ಲಿ ನಡೆದ ಪರೇಡಿನ ನೂಕುನುಗ್ಗಲಿನಲ್ಲಿ 21 ಮಂದಿ ಸತ್ತ ಮೇಲೆ ಅದು ನಿಂತುಹೋಯಿತು.

ಆದರೆ 2018ರ ಮೇ ತಿಂಗಳಲ್ಲಿ ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯಲ್ಲಿ ಬಂದೂಕುಧಾರಿ ಪೊಲೀಸರು ‘ಬಾಸಿಯಾನಿ’ ಮೊದಲಾದ ಕ್ಲಬ್ಬುಗಳಿಗೆ ನುಗ್ಗಿದಾಗ ಸಾವಿರಾರು ಯುವಜನರು ಸಂಸತ್ ಭವನದ ಎದುರೇ ಟೆಕ್ನೊ ನುಡಿಸಿ ಕುಣಿದು ಪ್ರತಿಭಟಿಸಿದರು. ಒಳಾಡಳಿತ ಸಚಿವರು ಕ್ಷಮೆ ಕೇಳಬೇಕಾಯಿತು. ಕುಣಿತ ತನ್ನಷ್ಟಕ್ಕೆ ರಾಜಕೀಯವಲ್ಲದಿರಬಹುದು. ಅದಕ್ಕೆ ನೆಲ ನಿರಾಕರಿಸಿದ ಗಳಿಗೆಯಲ್ಲಿ ಅದು ರಾಜಕೀಯವಾಗುತ್ತದೆ.

ನಮ್ಮ ದೇಶವೂ ಈ ಪ್ರಶ್ನೆಯಿಂದ ಹೊರತಲ್ಲ. ಬೆಂಗಳೂರಿನಲ್ಲಿ ಡಿಸ್ಕೊಥೆಕ್, ಲೈವ್ ಬ್ಯಾಂಡ್‌ಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯಗೊಳಿಸಿದ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಹಾರಾಷ್ಟ್ರ ಅದೇ 2005ರಲ್ಲಿ ಡ್ಯಾನ್ಸ್ ಬಾರುಗಳನ್ನು ನಿಷೇಧಿಸಿದಾಗ, ಕುಣಿತವೇ ಅನ್ನವಾಗಿದ್ದ ಸಾವಿರಾರು ಹೆಣ್ಣುಮಕ್ಕಳ ದುಡಿಮೆ ಹೋಯಿತು. 2013ರಲ್ಲಿ, ಮತ್ತೆ 2019ರಲ್ಲಿ ಸುಪ್ರೀಂ ಕೋರ್ಟ್ ಅವರ ದುಡಿಯುವ ಹಕ್ಕಿನ ಪರ ನಿಂತಿತು. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿದ ಗುಂಪು ಯುವತಿಯರನ್ನು ಥಳಿಸಿದಾಗ ಅಲ್ಲಿಯೂ ಸಿಟ್ಟು ಸಂಗೀತದ ಮೇಲಿರಲಿಲ್ಲ. ಆ ನೆಲದ ಮೇಲೆ ಯಾರು ನಿಂತಿದ್ದಾರೆ ಎಂಬುದರ ಮೇಲಿತ್ತು.

ನಿದ್ದೆಗೆಟ್ಟ ನೆರೆಯವರ ದೂರು ಕೇಳುವುದೂ, ಮಾದಕವಸ್ತು ತಡೆಯುವುದೂ, ಜನದಟ್ಟಣೆಯಲ್ಲಿ ಜೀವ ಉಳಿಸುವುದೂ ಸರ್ಕಾರದ ಕೆಲಸವೇ. ಈ ಕೆಲಸದ ಹೆಸರಿನಲ್ಲಿ ಯಾರನ್ನು ಹೊರಗಿಡಲಾಗುತ್ತಿದೆ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು ಎಂಬುದಷ್ಟೇ ಈ ಇತಿಹಾಸದ ಪಾಠ.

ಇನ್ನು, ಕಾಲ ಉರುಳಿದ ಮೇಲೆ ನಗರಗಳು ತಾವು ಅಟ್ಟಿದ್ದನ್ನೇ ಆಸ್ತಿ ಎನ್ನುವುದುಂಟು. ಬರ್ಲಿನ್ ಟೆಕ್ನೊ 2024ರಲ್ಲಿ ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿತು. ಷಿಕಾಗೊದ ಜೆಫರ್ಸನ್ ರಸ್ತೆಯ ಒಂದು ಭಾಗಕ್ಕೆ 2004ರಲ್ಲಿ ಫ್ರಾಂಕಿ ನಕಲ್ಸ್ ಹೆಸರಿಟ್ಟರು. ಅದಕ್ಕೆ ಬೆಂಬಲವಾಗಿ ನಿಂತವರಲ್ಲಿ ಆಗ ಇಲಿನಾಯ್ ರಾಜ್ಯದ ಸೆನೆಟರ್ ಆಗಿದ್ದ ಬರಾಕ್ ಒಬಾಮ ಒಬ್ಬರು. ನಕಲ್ಸ್ 2014ರಲ್ಲಿ ತೀರಿಕೊಂಡರು. 2023ರಲ್ಲಿ ಷಿಕಾಗೊ ನಗರಸಭೆ ಹಳೆಯ ವೇರ್‌ಹೌಸ್ ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು.

ಡಿಸ್ಕೊ ತಟ್ಟೆಗಳನ್ನು ಸಿಡಿಸಿದ ಕಾಮಿಸ್ಕಿ ಪಾರ್ಕ್ ಕ್ರೀಡಾಂಗಣವನ್ನು 1991ರಲ್ಲಿ ಕೆಡವಲಾಯಿತು. ಆ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ.